ಸ್ಪಾರಿಂಗ್ ಹೆಸರಿನಲ್ಲಿ ಹೊಡೆದಾಟ: ಕಲಬುರಗಿಯ ಪಾಲಕರು ಓದಲೇಬೇಕಾದದ್ದು

ಕಲಬುರಗಿಯ ಒಂದು ಬಾಕ್ಸಿಂಗ್ ಜಿಮ್‌ನಲ್ಲಿ, ಮೇ ತಿಂಗಳ ಸಂಜೆ ಬ್ಯಾಚಿನಲ್ಲಿ, ಸ್ಪಾರಿಂಗ್ (ಇಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದ ಆಟ) ಹೊತ್ತಿನಲ್ಲಿ ನಡೆದದ್ದಿದು. ಸೇರಿ ತಿಂಗಳೂ ತುಂಬದ 16 ವರ್ಷದ ಹುಡುಗ, ತೂಕ 54 ಕಿಲೋ. ಎದುರಿಗೆ ನಿಲ್ಲಿಸಿದ್ದು ವರ್ಷಗಟ್ಟಲೆ ಆಡಿ ಪಳಗಿದ 68 ಕಿಲೋದವನನ್ನು. ಇಬ್ಬರ ಕೈಯಲ್ಲೂ ಬ್ಯಾಗಿಗೆ ಹೊಡೆಯುವ 10 ಔನ್ಸಿನ ಹಳೇ ಗ್ಲೌಸು. ಎರಡನೇ ರೌಂಡಿನಲ್ಲಿ ಕ್ರಾಸ್ (ಹಿಂದಿನ ಕೈಯ ನೇರ ಪಂಚ್) ಬಂದು ಕಣತಲೆಗೆ ಬಿತ್ತು. ಹುಡುಗನ ಮೊಣಕಾಲು ಕುಸಿದವು, ಹಗ್ಗ ಹಿಡಿದು ಹೇಗೋ ನಿಂತ. ಉಸ್ತಾದ್ ಕೇಳಿದ್ದು ಒಂದೇ ಪ್ರಶ್ನೆ: "ಹೆಸರೇನೋ ನಿಂದು?" ಹುಡುಗ ಹೇಳಿದ. "ಏನೂ ಆಗಿಲ್ಲ ಬಿಡು. ಗಂಡ್ಸಾಗಿ ಇಷ್ಟಕ್ಕ ಅಂಜತಿಯೇನು? ರೌಂಡ್ ಮುಗಸು."

ಮೂರನೇ ರೌಂಡನ್ನೂ ಆಡಿಸಿದರು. ರಾತ್ರಿ ಎರಡು ಸಲ ವಾಂತಿ. ಮನೆಯವರು ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಟ್ಟು ಮಲಗಿಸಿದರು. ಬೆಳಿಗ್ಗೆ ಮಾಡಿಸಿದ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ, ಪುಣ್ಯ. ಆದರೂ ತಿಂಗಳು ಕಳೆದ ಮೇಲೂ ಪುಸ್ತಕ ಹಿಡಿದರೆ ತಲೆನೋವು, ಬೆಳಕಿಗೆ ಕಣ್ಣು ಬಿಡಲಾಗದು, ಸಣ್ಣ ಮಾತಿಗೂ ಸಿಟ್ಟು. ಅಪ್ಪ ಕೇಳಲು ಹೋದರೆ ಸಿಕ್ಕ ಉತ್ತರ: "ಬಾಕ್ಸಿಂಗ್ ಅಂದಮ್ಯಾಲ ಏಟು ಬೀಳ್ತಾವ್ರಿ ಅಣ್ಣಾರ."

ಬೀಳುತ್ತವೆ, ನಿಜ. ಆದರೆ ಅಲ್ಲಿನ ದೊಡ್ಡ ತಪ್ಪು ಆ ಕ್ರಾಸ್ ಅಲ್ಲ, ಅದಾದ ನಂತರದ ಒಂದು ನಿಮಿಷ. ಮಿದುಳಿಗೆ ಪೆಟ್ಟಾದವನಿಗೂ ತನ್ನ ಹೆಸರು ನೆನಪಿರುತ್ತದೆ, ಅದನ್ನು ಕೇಳಿ ಏನೂ ತಿಳಿಯದು. ಕೇಳಬೇಕಾದ್ದು ಈಚಿನದನ್ನು: ಈಗ ಎಷ್ಟನೇ ರೌಂಡು? ಕೊನೆಗೆ ಬಿದ್ದ ಪಂಚ್ ಯಾವುದು? ಇದಕ್ಕೆ ಮೊದಲು ಯಾರ ಜೊತೆ ಆಡಿದೆ? ತಡವರಿಸಿದರೆ ಗ್ಲೌಸ್ ಬಿಚ್ಚಿಸಬೇಕು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದರೂ ಕಾಲು ಕುಸಿದಿದ್ದರೆ, ನೋಟ ಶೂನ್ಯವಾಗಿದ್ದರೆ ಅವತ್ತಿನ ಆಟ ಮುಗಿಯಿತು. ಎರಡು ನಿಮಿಷ ಕೂರಿಸಿ ಮತ್ತೆ ಇಳಿಸುವ ಪ್ರಶ್ನೆಯೇ ಇಲ್ಲ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ ಮಿದುಳು ಒಮ್ಮೆಲೇ ಊದಿಕೊಳ್ಳುವ ಅಪಾಯವಿದೆ. ಅಪರೂಪವೇ, ಆದರೆ ಹಾಗಾಗುವುದು ಹೆಚ್ಚಾಗಿ ಎಳೆ ವಯಸ್ಸಿನವರಿಗೆ, ಆದಾಗ ಪ್ರಾಣಕ್ಕೇ ಸಂಚಕಾರ.

ಅವತ್ತು ರಾತ್ರಿ ಹುಡುಗನನ್ನು ಒಬ್ಬನೇ ಮಲಗಲು ಬಿಡಬಾರದು. ತಲೆಯೊಳಗೆ ರಕ್ತ ನಿಧಾನವಾಗಿ ಜಿನುಗಬಹುದು, ಸಂಜೆ ಚೆನ್ನಾಗಿ ಮಾತಾಡಿದವನು ಬೆಳಗಿನ ಜಾವಕ್ಕೆ ಎಬ್ಬಿಸಿದರೆ ಏಳದಿರಬಹುದು. ಪದೇ ಪದೇ ವಾಂತಿ, ಏರುತ್ತಲೇ ಇರುವ ತಲೆನೋವು, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಫಿಟ್ಸ್, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಆಳಂದ, ಸೇಡಂ ಕಡೆಯ ಹಳ್ಳಿಯವರು "ಬೆಳಗಾಗಲಿ, ನೋಡೋಣ" ಅನ್ನಲೇಬಾರದು, ದಾರಿಗೇ ಹೊತ್ತು ಹೋಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವವಿದ್ದರೆ ಹೆಚ್ಚಾಗಬಹುದು. ತೀರಾ ಬೇಕೆಂದರೆ ಪ್ಯಾರಾಸಿಟಮಾಲ್.

ಇನ್ನು "ಸ್ಕ್ಯಾನ್ ನಾರ್ಮಲ್ ಬಂತಲ್ಲ" ಅನ್ನುವ ಮಾತು. ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತಸ್ರಾವ, ಎಲುಬಿನ ಬಿರುಕು. ಕನ್ಕಷನ್, ಅಂದರೆ ಏಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು, ಅದರಲ್ಲಿ ಕಾಣುವುದಿಲ್ಲ. ಆ ರಿಪೋರ್ಟ್ ತೋರಿಸಿ ಮರುವಾರ ರಿಂಗಿಗೆ ಇಳಿಸುವವರಿಂದ ದೂರ ಇರಿ.

ಹೆಡ್‌ಗಾರ್ಡ್ ಇತ್ತಲ್ಲ ಎಂದು ಕೇಳುವವರಿದ್ದಾರೆ. ಹೆಡ್‌ಗಾರ್ಡ್ ಚರ್ಮ ಸೀಳದಂತೆ, ಹುಬ್ಬು ಒಡೆಯದಂತೆ ಕಾಯುತ್ತದೆ. ತಲೆ ಗಕ್ಕನೆ ತಿರುಗಿದಾಗ ಒಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರು ಹೆಡ್‌ಗಾರ್ಡ್ ಇಲ್ಲದೆಯೇ ಆಡಿದರು. ಸ್ಪಾರಿಂಗ್‌ನಲ್ಲಿ ಅದು ಬೇಕೇ ಬೇಕು, ಆದರೆ ಗಾಯ ತಪ್ಪಿಸಲು ಮಾತ್ರ, ಜೋರಾಗಿ ಹೊಡೆಯಲು ಸಿಕ್ಕ ಲೈಸೆನ್ಸ್ ಅಲ್ಲ. ಆಫ್ರಿಕಾದ ಕಿನ್ಷಾಸಾದಲ್ಲಿ ಮುಹಮ್ಮದ್ ಅಲಿ ವಿರುದ್ಧ ಆಡಬೇಕಿದ್ದ ಅಂದಿನ ಹೆವಿವೇಯ್ಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್‌ಗೆ ಸ್ಪಾರಿಂಗ್‌ನಲ್ಲೇ ಕಣ್ಣಿನ ಮೇಲೆ ಸೀಳಿ, ಸೆಪ್ಟೆಂಬರಿನ ಬೌಟ್ (ಪಂದ್ಯ) 1974ರ ಅಕ್ಟೋಬರ್ 30ಕ್ಕೆ ಹೋಯಿತು. ವಿಶ್ವ ಚಾಂಪಿಯನ್ ಗತಿಯೇ ಹಾಗೆ.

ಗ್ಲೌಸ್ ವಿಷಯಕ್ಕೆ ಬಂದರೆ, ಸ್ಪಾರಿಂಗ್‌ಗೆ ದೊಡ್ಡವರಿಗೆ 16 ಔನ್ಸ್, 55 ಕಿಲೋ ಒಳಗಿನವರಿಗೆ 14. ಕಡಿಮೆ ಬೆಲೆಯ ಮಾಲಿನ ಮೇಲೆ ಬರೆದಿದ್ದನ್ನು ನಂಬಬೇಡಿ, ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ: 16 ಔನ್ಸಿನ ಒಂದು ಗ್ಲೌಸ್ ಸುಮಾರು 450 ಗ್ರಾಂ ತೂಗಬೇಕು. ಗೆಣ್ಣಿನ ಜಾಗದಲ್ಲಿ ಹೆಬ್ಬೆರಳು ಒತ್ತಿ ನೋಡಿ. ಒಳಗಿನ ಕೈ ಗಟ್ಟಿಯಾಗಿ ತಾಗಿದರೆ ಫೋಮ್ ಸತ್ತಿದೆ, ಅದು ಬ್ಯಾಗಿಗೆ ಮಾತ್ರ ಲಾಯಕ್ಕು.

ಹಾಗಾದರೆ ಎಷ್ಟು ಜೋರು? "ಐವತ್ತು ಪರ್ಸೆಂಟ್ ಹೊಡಿ" ಅನ್ನುವ ಮಾತಿಗೆ ಅರ್ಥವಿಲ್ಲ. 68 ಕಿಲೋದವನ ಅರ್ಧ ಜೋರು 54 ಕಿಲೋದವನ ಪೂರ್ತಿ ಜೋರಿಗಿಂತ ಹೆಚ್ಚಿದ್ದೀತು. ಕಣ್ಣಿಗೆ ಕಾಣುವ ಅಳತೆ ಬೇಕು: ತಲೆಗೆ ಹೊಡೆದ ಗ್ಲೌಸ್ ಮುಟ್ಟಿ ವಾಪಸ್ ಬರಬೇಕು. ಎದುರಾಳಿಯ ತಲೆ ಹಿಂದಕ್ಕೆ ಸಿಡಿದರೆ ಜೋರಾಯಿತು, ಅಲ್ಲೇ ತಡೆಯಬೇಕು. ಹೊಟ್ಟೆ, ಪಕ್ಕೆಗೆ ಸ್ವಲ್ಪ ಬಿಗಿಯಾಗಿ ಹೊಡೆಯಬಹುದು. ಜೋರು ಎಷ್ಟೆಂದು ತೀರ್ಮಾನಿಸುವವನು ಯಾವಾಗಲೂ ಹಗುರದವನು, ಹೊಸಬ. ಇದನ್ನು ಆಟಗಾರರ ಪಾಡಿಗೆ ಬಿಟ್ಟರೆ ಕೆಡುತ್ತದೆ. ತಾನು ತಿಂದ ಏಟು ಪ್ರತಿಯೊಬ್ಬನಿಗೂ ಕೊಟ್ಟ ಏಟಿಗಿಂತ ದೊಡ್ಡದಾಗಿ ಕಾಣುತ್ತದೆ, ಬಡ್ಡಿ ಸೇರಿಸಿ ತೀರಿಸುತ್ತಾ ಹೋಗುತ್ತಾರೆ, ಎರಡೇ ನಿಮಿಷದಲ್ಲಿ ಸ್ಪಾರಿಂಗ್ ಹೋಗಿ ಜಗಳ ಆಗಿರುತ್ತದೆ. ಅದನ್ನು ತಡೆಯಲೆಂದೇ ಕೋಚ್ ಇರುವುದು.

ಮೊದಲ ಮೂರ್ನಾಲ್ಕು ತಿಂಗಳು ತಲೆಗೆ ಖುಲ್ಲಾ ಸ್ಪಾರಿಂಗ್ ಬೇಡವೇ ಬೇಡ. ಜ್ಯಾಬ್‌ಗೆ (ಮುಂದಿನ ಕೈಯ ನೇರ ಪಂಚ್) ಜ್ಯಾಬ್ ಮಾತ್ರ, ಭುಜ ಮುಟ್ಟುವ ಆಟ, ಒಬ್ಬ ಹೊಡೆದರೆ ಇನ್ನೊಬ್ಬ ಬರೀ ತಪ್ಪಿಸಿಕೊಳ್ಳುವ ರೌಂಡು, ಬರೀ ಬಾಡಿ ಶಾಟ್‌ನ ರೌಂಡು. ದೂರ, ಹೊತ್ತು, ಕಾಲ್ಗೆಲಸ ಕೈಗೂಡುವುದು ಇವುಗಳಲ್ಲೇ. ಹೆದರಿ ಕಣ್ಣು ಮುಚ್ಚಿಕೊಂಡವನು ಏನನ್ನೂ ಕಲಿಯುವುದಿಲ್ಲ, ಮುಖ ಮುದುಡಿಕೊಳ್ಳುವ ಚಟವನ್ನಷ್ಟೇ ಕಲಿಯುತ್ತಾನೆ. ಬಿಗಿ ಸ್ಪಾರಿಂಗ್ ಬೇಕಾಗುವುದು ಬೌಟ್ ನಿಗದಿಯಾದವರಿಗೆ. ಅದೂ ವಾರಕ್ಕೊಮ್ಮೆ, ಮೂರು ನಾಲ್ಕು ರೌಂಡು, ತೂಕದಲ್ಲಿ ಐದು ಕಿಲೋಗಿಂತ ಹೆಚ್ಚು ಅಂತರವಿಲ್ಲದವರೊಂದಿಗೆ, ಬೌಟಿಗೆ ವಾರ ಹತ್ತು ದಿನ ಮುಂಚೆ ಪೂರ್ತಿ ಬಂದ್.

ನಮ್ಮ ಕಡೆಯ ಬಿಸಿಲಿಗೆ ಪ್ರತ್ಯೇಕ ಲೆಕ್ಕ ಬೇಕು. ಹೊರಗೆ 42 ಡಿಗ್ರಿ ಇದ್ದ ದಿನ ತಗಡಿನ ಶೆಡ್ಡಿನೊಳಗೆ ಬೆವರು ಹರಿಸಿದವನ ಕೈ ಕೆಳಗಿಳಿಯುತ್ತದೆ, ಏಟು ಬರುವುದು ತಡವಾಗಿ ಕಾಣುತ್ತದೆ. ಅಂಥ ದಿನ ಬೆಳಿಗ್ಗೆ ಏಳರೊಳಗೆ ಮುಗಿಸಿ, ಇಲ್ಲವೇ ಕೋಚ್ ಹಿಡಿದ ಪ್ಯಾಡಿಗೆ ಹೊಡೆಯುವುದಕ್ಕೇ ಸಾಕು ಮಾಡಿ. ತೂಕ ಇಳಿಸಲು ನೀರು ಬಿಟ್ಟವನನ್ನಂತೂ ರಿಂಗಿನ ಹತ್ತಿರ ಬಿಡಬಾರದು.

ತಲೆಯ ಏಟಿಗೆ ನಾಕೌಟ್ ಆದವನು ಕನಿಷ್ಠ 30 ದಿನ ಬೌಟೂ ಆಡುವಂತಿಲ್ಲ, ಸ್ಪಾರಿಂಗೂ ಮಾಡುವಂತಿಲ್ಲ, ಅಮೆಚೂರ್ ಬಾಕ್ಸಿಂಗ್‌ನ ವೈದ್ಯಕೀಯ ನಿಯಮವೇ ಅದು. ಕಾಲು ಕುಸಿದ ಹುಡುಗನಿಗೂ ಅದನ್ನೇ ಹಿಡಿಯಿರಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ. ಆಮೇಲೆ ನಡಿಗೆ, ಹಗುರ ಓಟ, ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯುವುದು), ಬ್ಯಾಗು, ಪ್ಯಾಡು, ಒಂದೊಂದಕ್ಕೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಮೈಗೆ ಮೈ ತಾಗುವ ಆಟ ಡಾಕ್ಟರು ಒಪ್ಪಿದ ಮೇಲೆ.

ಫೀಸ್ ಕಟ್ಟುವ ಮುಂಚೆ ಸ್ಪಾರಿಂಗ್ ದಿನ ಹೋಗಿ ಒಂದು ತಾಸು ಕೂತು ನೋಡಿ. ಜೋಡಿ ಮಾಡುವಾಗ ತೂಕ ಕೇಳುತ್ತಾರೋ, ರೌಂಡ್ ನಡೆಯುವಾಗ ಕೋಚ್ ಹಗ್ಗದ ಪಕ್ಕ ನಿಂತಿರುತ್ತಾರೋ ಅಥವಾ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿರುತ್ತಾರೋ, ಆ ಹೊತ್ತಿನಲ್ಲಿ ಒಂದು ರೌಂಡನ್ನಾದರೂ ನಡುವೆ ನಿಲ್ಲಿಸಿದರೋ ನೋಡಿ. ಕೂತು ನೋಡಲು ಬಿಡುವುದಿಲ್ಲ ಅಂದರೆ ಚಪ್ಪಲಿ ಮೆಟ್ಟಿ ಹೊರಡಿ.