‘ಕ್ಯೂರ್ ಆಗಿರೋ ಲೈವ್ ರಾಕ್’ ಅಂದ್ರೆ ನಂಬಬೇಡಿ

ಲೈವ್ ರಾಕ್, ಅಂದ್ರೆ ಉಪ್ಪುನೀರಿನ ಅಕ್ವೇರಿಯಂಗೆ ಹಾಕೋ ಜೀವ ತುಂಬಿದ ಸಮುದ್ರದ ಕಲ್ಲು, ತಗೊಳ್ಳೋರು ಇದನ್ನ ಓದಿ, ಆಮೇಲೆ ದುಡ್ಡು ಕೊಡಿ. ಅದರಲ್ಲಿ ಸತ್ತಿರೋದೆಲ್ಲ ಕೊಳೆತು ಅಮೋನಿಯಾ ಬಿಡೋದು ನಿಲ್ಲೋವರೆಗೂ ಬೇರೆ ನೀರಲ್ಲಿಡೋದೇ ಕ್ಯೂರ್ ಮಾಡೋದು. 18 ಕೆಜಿ, ಕೆಜಿಗೆ 900 ರೂಪಾಯಿ. “ಆರು ವಾರ ಕ್ಯೂರ್ ಮಾಡಿರೋದು ಸರ್, ಸೀದಾ ಟ್ಯಾಂಕಿಗೆ ಇಳಿಸಿ” ಅಂದ್ರು ಅಂಗಡಿಯವರು. ಇಳಿಸಿದೆ. ಹೇಳೋಕೇ ನಾಚಿಕೆ, ಮೊದಲು ಬಕೆಟ್ಟಲ್ಲಿಟ್ಟು ಟೆಸ್ಟ್ ಮಾಡಿ ಅಂತ ಊರಿಗೆಲ್ಲ ಹೇಳೋನು ನಾನೇ.

ಮೂರು ಕಲ್ಲು 200 ಲೀಟರ್ ಟ್ಯಾಂಕಿಗೆ, ಉಳಿದಿದ್ದು ಟಬ್ಬಿಗೆ. ಬೆಳಿಗ್ಗೆ ಟ್ಯಾಂಕಿನ ನೀರಲ್ಲಿ ಅಮೋನಿಯಾ 2 ಪಿಪಿಎಂ, ಸೊನ್ನೆ ಇರಬೇಕಾದ ಕಡೆ. ಕ್ಲೀನರ್ ಶ್ರಿಂಪ್ ಸತ್ತಿತ್ತು, ಕ್ಲೌನ್ ಫಿಶ್ ಎರಡೂ ಮೇಲೆ ಬಂದು ಬಾಯಿ ಬಿಡ್ತಿದ್ವು. ಉಪ್ಪುನೀರಿನ ಪಿಎಚ್ 8.2, ಅಷ್ಟರಲ್ಲಿ ಅಮೋನಿಯಾ ಸಿಹಿನೀರಿಗಿಂತ ಜಾಸ್ತಿ ವಿಷ. ಅರ್ಧ ನೀರು ಬದಲಾಯಿಸಿದೆ, ಸಂಜೆಗೆ ಅವೂ ಹೋದ್ವು.

ಟಬ್ಬಿನ ಮುಚ್ಚಳ ತೆಗೆದೆ, ಕೊಳೆತ ಮೊಟ್ಟೆ ನಾತ. ಒಳ್ಳೇ ಕಲ್ಲು ಕಡಲ ದಂಡೆ ಥರ ವಾಸನೆ ಬರುತ್ತೆ, ಅಷ್ಟೇ. ತೂತಲ್ಲೆಲ್ಲ ಸತ್ತ ಸ್ಪಂಜು, ಬೂದು ಲೋಳೆ. ನೀರಿಲ್ಲದೆ ಎಷ್ಟು ದಿನ ಬಿದ್ದಿತ್ತೋ. ಹಳೇ ಹಲ್ಲುಜ್ಜೋ ಬ್ರಶ್ ತಗೊಂಡು ತಿಕ್ಕಿದೆ. ಬ್ರಶ್ ನೇರಳೆ ಆಯ್ತು! ಒಳ್ಳೇ ಕಲ್ಲಿಗೆ ನೇರಳೆ ಬಣ್ಣ ಕೊಡೋ ಕೋರಲೈನ್ ಪಾಚಿ ಅಂದ್ರೆ ಸುಣ್ಣದ ಪದರ ಕಣ್ರೀ, ಬ್ಲೇಡಲ್ಲಿ ಕೆರೆದ್ರೂ ಕಷ್ಟಪಟ್ಟು ಬರುತ್ತೆ. ಕಲ್ಲು ಒಣಗಿದ್ರೆ ಅದು ಸತ್ತು ಬಿಳಿಚಿಕೊಳ್ಳುತ್ತೆ. ಬಿಳುಪು ಕಾಣಬಾರದು ಅಂತ ಬಣ್ಣ ಹೊಡೆದಿದ್ದಾರೆ. ಬಣ್ಣ! ಅಂಗಡಿಯಲ್ಲಿ ನಾನು “ಎಂಥಾ ಕಲರ್” ಅಂತ ಬೇರೆ ಹೊಗಳಿ ಬಂದಿದ್ದೆ.

ಫೋನ್ ಮಾಡಿದ್ರೆ, “ಅದು ಸಮುದ್ರದ ವಾಸನೆ ಸರ್.” ಮೀನು ಸತ್ವು ಅಂದೆ. “ನಿಮ್ಮ ಆರ್‌ಓ ನೀರೇ ಸರಿಯಿಲ್ಲ.” ಬ್ರಶ್ಶಿನ ಫೋಟೊ ಕಳಿಸಿದೆ, ಎರಡು ದಿನ ಉತ್ತರ ಇಲ್ಲ. ಆಮೇಲೆ, “ಲೈವ್ ಐಟಂಗೆ ಗ್ಯಾರಂಟಿ ಇರಲ್ಲ ಸರ್.” ಲೈವ್ ಐಟಂ ಅಂತೆ! ಬಿಲ್ ಕೊಡಿ, ಎಲ್ಲಿಂದ ಬಂದ ಕಲ್ಲು ಅಂದ್ರೆ, “ರಾಮೇಶ್ವರಂ ಮಾಲು, ಬಿಲ್ ಯಾರ್ ಕೇಳ್ತಾರೆ.” ಕೇಳ್ತಾರೆ ಸ್ವಾಮಿ. ಗಟ್ಟಿ ಹವಳ ಪೂರ್ತಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕಲ್ಲಿಗೆ ಅಂಟಿಕೊಂಡು ಬಂದ್ರೆ ಮನೆಯಲ್ಲಿಟ್ಟುಕೊಂಡವನ ಮೇಲೂ ಕೇಸು. ನಿನ್ನೆ ಅದೇ ನಂಬರಿಂದ ಮತ್ತೆ ಮೆಸೇಜ್, “ಹೊಸ ಸ್ಟಾಕ್ ಬಂದಿದೆ ಸರ್, ಫುಲ್ ಪರ್ಪಲ್.”

ಅಂಗಡಿಯಲ್ಲೇ ಮೂಗು ಹತ್ತಿರ ಹಿಡೀರಿ, ಬ್ರಶ್ ಜೇಬಲ್ಲಿರಲಿ. ಮೀನಿನ ಟ್ಯಾಂಕಿಂದ ತೆಗೆದ ಕಲ್ಲಾದ್ರೆ ತಾಮ್ರದ ಔಷಧಿ ಹಾಕಿದ್ರಾ ಕೇಳಿ. ಕಲ್ಲು ಅದನ್ನ ಹೀರಿಕೊಂಡು ಆಮೇಲೆ ಬಿಡುತ್ತೆ, ಶ್ರಿಂಪು ಬಸವನಹುಳ ಉಳಿಯಲ್ಲ. ಮನೆಗೆ ತಂದ್ಮೇಲೆ ಯಾರು ಏನೇ ಹೇಳಿರಲಿ, ಬೇರೆ ಟಬ್ಬಿಗೇ ಹಾಕಿ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಹೀಟರ್ 26 ಡಿಗ್ರಿ, ನೀರು ತಿರುಗಿಸೋಕೆ ಒಂದು ಪವರ್‌ಹೆಡ್ ಪಂಪ್, ಲೈಟ್ ಬೇಡ. ಸತ್ತ ಸ್ಪಂಜು ಕಿತ್ತು ಬಿಸಾಕಿ, ಅಮೋನಿಯಾ ಏರಿದಾಗೆಲ್ಲ ಅರ್ಧ ನೀರು ಬದಲಾಯಿಸಿ. ಅಮೋನಿಯಾ, ಅದರಿಂದಾಗೋ ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಲ್ಲಲಿ, ಆಮೇಲೆ ಟ್ಯಾಂಕಿಗೆ. ಸಿಟ್ಟಲ್ಲಿ ಕಲ್ಲು ಕುದಿಸೋಕೆ ಮಾತ್ರ ಹೋಗಬೇಡಿ. ಅದರ ಮೇಲೆ ಜೋಯಾಂಥಿಡ್ (ಹವಳದ ಜಾತಿಗೆ ಹತ್ತಿರದ ಮೆತ್ತನೆ ಜೀವಿ) ಇದ್ರೆ ಆ ಹಬೆಯಲ್ಲಿ ಪಾಲಿಟಾಕ್ಸಿನ್ ಅನ್ನೋ ಘೋರ ವಿಷ ಬರಬಹುದು, ಮನೆಮಂದಿಯೆಲ್ಲ ಆಸ್ಪತ್ರೆ ಸೇರ್ತೀರಿ.