ತಲೆ, ಬ್ರೌಸರ್, ದಾಳ, ಮ್ಯಾನೇಜರ್: ಪಾಸ್‌ವರ್ಡ್ ಹುಟ್ಟಿಸಲು ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾಸ್‌ವರ್ಡ್ ಮ್ಯಾನೇಜರ್‌ಗೆ, ಅಂದರೆ ಪಾಸ್‌ವರ್ಡ್‌ಗಳನ್ನು ಹುಟ್ಟಿಸಿ ನೆನಪಿಟ್ಟುಕೊಳ್ಳುವ ಆ್ಯಪ್‌ಗೆ, ಅದರಲ್ಲೂ ಬಿಟ್‌ವಾರ್ಡನ್ ಎಂಬುದಕ್ಕೆ. ನಾಲ್ಕೂ ದಾರಿಯಲ್ಲಿ ಓಡಾಡಿ, ಒಂದು ಸಲ ಚೆನ್ನಾಗಿ ಪೆಟ್ಟು ತಿಂದು ಇಲ್ಲಿಗೆ ಬಂದಿದ್ದೇನೆ.

ಪೆಟ್ಟು ಬಿದ್ದದ್ದು ತಲೆಯನ್ನು ನಂಬಿ. ಎಷ್ಟೋ ವರ್ಷ ನನ್ನದು ಒಂದೇ ಲೆಕ್ಕ: ಇಷ್ಟವಾದ ಒಂದು ಪದ, ಒಂದು ಇಸವಿ, ಕೊನೆಗೆ ಸೈಟಿನ ಹೆಸರಿನ ಮೊದಲೆರಡು ಅಕ್ಷರ. ಎಲ್ಲ ಕಡೆ ಬೇರೆ ಬೇರೆ ಪಾಸ್‌ವರ್ಡ್ ಇದೆಯಲ್ಲ ಅಂತ ನೆಮ್ಮದಿಯಾಗಿದ್ದೆ. ಎಂದೋ ಖಾತೆ ತೆರೆದು ಮರೆತಿದ್ದ ಒಂದು ಸಣ್ಣ ಸೈಟಿನಿಂದ ಪಾಸ್‌ವರ್ಡ್‌ಗಳು ಸೋರಿಹೋದವು. ನನ್ನದು ಸೋರಿದ್ದು ಒಂದೇ. ಆದರೆ ಅದನ್ನು ನೋಡಿದವರಿಗೆ ಕೊನೆಯ ಎರಡು ಅಕ್ಷರ ಬದಲಿಸಿದರೆ ಉಳಿದ ಬಾಗಿಲೆಲ್ಲ ತೆರೆಯುತ್ತಿತ್ತು. ಒಂದು ರಾತ್ರಿ ಯಾರೋ ನನ್ನ ಮೇಲ್‌ಗೆ ಲಾಗಿನ್ ಆದರು. ‘ಪಾಸ್‌ವರ್ಡ್ ಮರೆತಿರಾ’ ಲಿಂಕ್‌ಗಳೆಲ್ಲ ಬರುವುದೇ ಅಲ್ಲಿಗೆ ಅಲ್ವಾ? ಬೆಳಗಾಗುವವರೆಗೆ ಕೂತು ಒಂದೊಂದೇ ಖಾತೆ ಬದಲಿಸಿದೆ. ಆ ಭಯ ಇನ್ನೂ ನೆನಪಿದೆ.

ಗಾದೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಯಾರಿಗೂ ಸಿಗದು ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಎಲ್ಲರ ಬಾಯಲ್ಲಿರುವ ಮಾತು ಊಹಿಸುವವರ ಪಟ್ಟಿಯಲ್ಲೂ ಇರಬಹುದು. ಮನುಷ್ಯರ ತಲೆ ‘ಯಾದೃಚ್ಛಿಕ’ವಾಗಿ ಆರಿಸುವುದೇ ಇಲ್ಲ, ಅಭ್ಯಾಸದಂತೆ ಆರಿಸುತ್ತದೆ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3 ಕೋಟಿಗೂ ಜಾಸ್ತಿ ಪಾಸ್‌ವರ್ಡ್ ಸೋರಿದಾಗ ಅದರಲ್ಲಿ ಮೊದಲ ಸ್ಥಾನ 123456ಕ್ಕೆ ಸಿಕ್ಕಿತ್ತು.

ಬ್ರೌಸರ್ ತಾನೇ ಸೂಚಿಸುವ ಪಾಸ್‌ವರ್ಡ್ ಚೆನ್ನಾಗಿಯೇ ಇರುತ್ತದೆ. ಒಂದೇ ಬ್ರೌಸರ್ ಬಳಸುವವರಿಗೆ ಅಷ್ಟು ಸಾಕು. ನಾನು ಎರಡು ಬಳಸುತ್ತೇನೆ, ಅದಕ್ಕೇ ಬಿಟ್ಟೆ.

ದಾಳದ ದಾರಿ ನನಗೆ ತುಂಬ ಇಷ್ಟ. ಹೆಸರು ಡೈಸ್‌ವೇರ್, 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ರೂಪಿಸಿದ್ದು. 7776 ಪದಗಳ ಪಟ್ಟಿ ಇರುತ್ತದೆ. ದಾಳವನ್ನು ಐದು ಸಲ ಉರುಳಿಸಿ, ಬಂದ ಐದು ಅಂಕಿಗೆ ಯಾವ ಪದವಿದೆಯೋ ಅದನ್ನು ಬರೆದುಕೊಳ್ಳಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ದಾಳ. ಆರು ಪದಕ್ಕೆ ಮೂವತ್ತು ಸಲ ಉರುಳಿಸಿದೆ. ಮೂರನೇ ಪದ ಹಿಡಿಸಲಿಲ್ಲ, ಬದಲಿಸೋಣ ಅನ್ನಿಸಿತು. ಬದಲಿಸಲಿಲ್ಲ, ಯಾಕಂದ್ರೆ ಇಷ್ಟಾನಿಷ್ಟ ನುಗ್ಗಿದ ಕೂಡಲೇ ದಾಳದ ಗುಣ ಹಾಳಾಗುತ್ತದೆ. ಆರು ಪದಕ್ಕೆ ಆಗುವ ಸಾಧ್ಯತೆಗಳ ಸಂಖ್ಯೆ ಬರೆದರೆ 24 ಅಂಕಿ! ನೆನಪಿನಲ್ಲೂ ಉಳಿಯುತ್ತದೆ. ಆದರೆ ನೂರು ಖಾತೆಗೆ ಮೂರು ಸಾವಿರ ಸಲ ಉರುಳಿಸಲು ಆಗುತ್ತದೆಯೇ?

ಮ್ಯಾನೇಜರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಅದೇ ಹುಟ್ಟಿಸುತ್ತದೆ, ಅದೇ ನೆನಪಿಟ್ಟುಕೊಳ್ಳುತ್ತದೆ. ಮೊದಲು ಕೀಪಾಸ್ ಹಾಕಿದ್ದೆ. ಉಚಿತ, ಇಂಟರ್ನೆಟ್ ಬೇಡ, ಎಲ್ಲ ಒಂದೇ ಫೈಲ್‌ನಲ್ಲಿ. ಆ ಫೈಲನ್ನು ಕಂಪ್ಯೂಟರಿನಿಂದ ಫೋನಿಗೆ ಕಾಪಿ ಮಾಡುವುದನ್ನು ನಾನು ಮರೆಯುತ್ತಲೇ ಇದ್ದೆ. ಶಿಸ್ತಿರುವವರು ಅದನ್ನೇ ಇಟ್ಟುಕೊಳ್ಳಲಿ. ಬಿಟ್‌ವಾರ್ಡನ್‌ನಲ್ಲಿ ಆ ಕಾಪಿಯ ಕೆಲಸವೇ ಇಲ್ಲ, ಉಚಿತವಾಗಿಯೇ ಎರಡೂ ಕಡೆ ಸಿಗುತ್ತದೆ. ಇದಕ್ಕೆ ದುಡ್ಡು ಕೊಡುವ ಮನಸ್ಸಿಲ್ಲದ ನನಗೆ ಅಲ್ಲಿಗೆ ಮಾತು ಮುಗಿಯಿತು.

ಒಂದು ಕಿರಿಕಿರಿ ಮಾತ್ರ ವಿವರವಾಗಿ ಹೇಳಲೇಬೇಕು. ಒಂದು ಸೈಟಿಗೆ 24 ಅಕ್ಷರದ ಪಾಸ್‌ವರ್ಡ್ ಹುಟ್ಟಿಸಿ ಪೇಸ್ಟ್ ಮಾಡಿದೆ. ಖಾತೆ ಆಯಿತು. ಐದು ನಿಮಿಷ ಬಿಟ್ಟು ಲಾಗಿನ್ ಆಗಲು ಹೋದರೆ ‘ಪಾಸ್‌ವರ್ಡ್ ತಪ್ಪು’. ರೀಸೆಟ್ ಮಾಡಿದೆ, ಹೊಸದು ಹಾಕಿದೆ, ಮತ್ತೆ ತಪ್ಪು. ಮೂರನೇ ಸಲವೂ ಅದೇ ಕಥೆ. ಆಮೇಲೆ ಖಾತೆಯೇ ಒಂದು ದಿನಕ್ಕೆ ಲಾಕ್ ಆಯಿತು. ಮ್ಯಾನೇಜರ್ ತಪ್ಪಾಗಿ ಸೇವ್ ಮಾಡಿದೆ ಅಂತಲೇ ನಂಬಿ, ಅದನ್ನು ಬಿಟ್ಟುಬಿಡೋಣ ಎನ್ನುವವರೆಗೆ ಹೋಗಿದ್ದೆ.

ಮಾರನೇ ದಿನ ಪೇಸ್ಟ್ ಮಾಡಿದ ಮೇಲೆ ಆ ಕಪ್ಪು ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದೆ. ಹದಿನಾರೇ ಇದ್ದವು. ಕಣ್ಣಿನ ಗುರುತು ಒತ್ತಿ ನೋಡಿದರೆ ಕೊನೆಯ ಎಂಟು ಅಕ್ಷರ ಇರಲೇ ಇಲ್ಲ. ಖಾತೆ ತೆರೆಯುವ ಪುಟ ಒಂದು ಮಾತೂ ಹೇಳದೆ ಹದಿನಾರಕ್ಕೆ ಕತ್ತರಿಸುತ್ತಿತ್ತು, ಲಾಗಿನ್ ಪುಟ ಮಾತ್ರ ಇಪ್ಪತ್ನಾಲ್ಕನ್ನೂ ತೆಗೆದುಕೊಳ್ಳುತ್ತಿತ್ತು. ಎರಡೂ ಹೊಂದುವುದಾದರೂ ಹೇಗೆ? ಹೀಗೆ ಕತ್ತರಿಸಬಾರದು, ಕಡೇಪಕ್ಷ 64 ಅಕ್ಷರಕ್ಕೆ ಅವಕಾಶ ಕೊಡಬೇಕು ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಬರೆದಿಟ್ಟಿದೆ. ಆದರೂ ಮಾಡುತ್ತಾರೆ, ಬೇಜಾರಾಗುತ್ತದೆ. ಈಗ ಹೊಸ ಖಾತೆ ತೆರೆದಾಗಲೆಲ್ಲ ಚುಕ್ಕಿ ಎಣಿಸುತ್ತೇನೆ. ಕಡಿಮೆ ಕಂಡರೆ ಅಷ್ಟೇ ಉದ್ದದ್ದು ಹುಟ್ಟಿಸುತ್ತೇನೆ. ಅಕ್ಷರ, ಅಂಕಿ ಬೆರೆತ ಹದಿನಾರಾದರೂ ಸಾಧ್ಯತೆಗಳ ಸಂಖ್ಯೆ 29 ಅಂಕಿಯದು, ಚಿಂತೆ ಬೇಡ.

ದಾಳವನ್ನು ಪೂರ್ತಿ ಬಿಟ್ಟಿಲ್ಲ. ಆ ಆರು ಪದಗಳೇ ಈಗ ನನ್ನ ಮಾಸ್ಟರ್ ಪಾಸ್‌ವರ್ಡ್, ಅಂದರೆ ಮ್ಯಾನೇಜರನ್ನೇ ತೆರೆಯುವ ಪಾಸ್‌ವರ್ಡ್. ಮೊದಲ ಎರಡು ವಾರ ಚೀಟಿಯಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೆ, ದಿನಾ ನಾಲ್ಕೈದು ಸಲ ನೋಡದೆ ಟೈಪ್ ಮಾಡಲು ಪ್ರಯತ್ನಿಸುತ್ತಿದ್ದೆ. ಈಗ ಬೆರಳಿಗೇ ಬರುತ್ತದೆ. ಚೀಟಿ ಮಾತ್ರ ಬೀರುವಿನಲ್ಲೇ ಇದೆ. ಮಾಸ್ಟರ್ ಮರೆತರೆ ಪಾಸ್‌ವರ್ಡ್‌ಗಳನ್ನು ತೆರೆದುಕೊಡಲು ಕಂಪನಿಯವರಿಗೂ ಆಗದು. ಹಾಗಾಗಿ ಚೀಟಿ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿಟ್ಟಿದ್ದೇನೆ.