ದುಂಡು ವಸ್ತುವನ್ನು ಚಪ್ಪಟೆ ಚಿತ್ರವಾಗಿ ಹಾಸಲು ಇಮೇಜ್‌ಜೆ: ಮೂರು ಮಳೆಗಾಲದ ಬಳಕೆಯ ನಂತರ

ಐನ್‌ಮನೆಯ (ಕೊಡವರ ಮೂಲಮನೆಯ) ಹಳೆ ಹಿತ್ತಾಳೆ ಸೇರು, ಪಾವು, ಜೇನು ಬಾಟಲಿಯ ಲೇಬಲ್, ಕಾಫಿಪುಡಿಯ ತಗಡಿನ ಡಬ್ಬಿ. ಇವುಗಳ ಮೈಮೇಲಿನ ಬರಹ ಒಂದೇ ಫೋಟೋದಲ್ಲಿ ಪೂರ್ತಿ ಸಿಗುವುದಿಲ್ಲ. ಅರ್ಧ ಹಿಂಬದಿಯಲ್ಲಿರುತ್ತದೆ, ಕಂಡ ಅರ್ಧದಲ್ಲೂ ಅಂಚಿನ ಅಕ್ಷರ ಕುಗ್ಗಿರುತ್ತದೆ. ವಸ್ತುವನ್ನು ತಿರುಗುಮಣೆಯ ಮೇಲಿಟ್ಟು ವಿಡಿಯೋ ಮಾಡಿ, ಪ್ರತಿ ಫ್ರೇಮಿನ ನಟ್ಟನಡುವಿನ ಒಂದು ಪಿಕ್ಸೆಲ್ ಅಗಲದ ಗೆರೆಯನ್ನಷ್ಟೇ ತೆಗೆದು ಸಾಲಾಗಿ ಜೋಡಿಸಿದರೆ ಇಡೀ ಸುತ್ತು ಚಾಪೆಯಂತೆ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಛಾಯಾಗ್ರಾಹಕ ಜಸ್ಟಿನ್ ಕೆರ್ 1970ರ ದಶಕದಲ್ಲಿ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಚಿತ್ರಿತ ಪಾತ್ರೆಗಳನ್ನು ಹೀಗೆಯೇ ಫಿಲ್ಮ್ ಮೇಲೆ ಬಿಡಿಸಿದರು. ಅವರಿಗೆ ಅದಕ್ಕೆಂದೇ ಕ್ಯಾಮೆರಾ ಕಟ್ಟಬೇಕಾಯಿತು. ಈಗ ಫೋನು, ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

ಇಮೇಜ್‌ಜೆ ಮೂಲತಃ ಸೂಕ್ಷ್ಮದರ್ಶಕದ ಚಿತ್ರ ಅಳೆಯುವವರ ಸಾಧನ. ಹಾಗಾಗಿ ಇದಕ್ಕೆಂದು ಬೇರೆ ಬಟನ್ ಇಲ್ಲ. ಆದರೆ ಅದರ ‘ರೀಸ್ಲೈಸ್’ ಆಜ್ಞೆ ಮಾಡುವುದು ಸರಿಯಾಗಿ ಇದೇ ಕೆಲಸ, ಪಿಕ್ಸೆಲ್ ಲೆಕ್ಕದಲ್ಲಿ ಚಾಚೂ ತಪ್ಪದೆ. 5ಕ್ಕೆ 4 ಅಂಕ. ಒಂದು ಅಂಕ ಕಳೆದದ್ದು ವಿಡಿಯೋ ತೆರೆಯುವ ತಾಪತ್ರಯಕ್ಕೆ.

ಫೋನಿನ ಎಂಪಿ4 ಅದರಲ್ಲಿ ನೇರ ತೆರೆಯುವುದಿಲ್ಲ. ಮೊದಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಸಾಫ್ಟ್‌ವೇರಿನಲ್ಲಿ ಫ್ರೇಮುಗಳನ್ನು ಪಿಎನ್‌ಜಿ ಚಿತ್ರಗಳಾಗಿ ಬಿಡಿಸಿಕೊಳ್ಳಿ, ಅದೇ ಹೊತ್ತಿಗೆ ನಡುವಿನ 20 ಪಿಕ್ಸೆಲ್ ಅಗಲದ ಪಟ್ಟಿ ಮಾತ್ರ ಉಳಿಸಿ ಕತ್ತರಿಸಿ. ಇದನ್ನು ಬಿಟ್ಟರೆ ಕಂಪ್ಯೂಟರ್ ನಿಂತೇ ಹೋಗುತ್ತದೆ. 1080×1920ರ ಬಣ್ಣದ ಫ್ರೇಮು ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಹಿಡಿಯುತ್ತದೆ. 3600 ಫ್ರೇಮಿಗೆ ಸುಮಾರು 30 ಜಿಬಿ ಮೆಮೊರಿ ಬೇಕು. ಪಟ್ಟಿ ಮಾಡಿಕೊಂಡರೆ 550 ಎಂಬಿ ಚಿಲ್ಲರೆ.

ಮುಂದಿನದು ಸಲೀಸು. ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ‘ಇಮೇಜ್ ಸೀಕ್ವೆನ್ಸ್’ ಒತ್ತಿ ಫೋಲ್ಡರ್ ತೆರೆಯಿರಿ. ‘ಪ್ರಾಪರ್ಟೀಸ್’ನಲ್ಲಿ ಅಳತೆಯ ಘಟಕ ಪಿಕ್ಸೆಲ್, ಮೂರೂ ಅಳತೆ (ಅಗಲ, ಎತ್ತರ, ಆಳ) 1 ಇದೆಯೇ ನೋಡಿ, ಅಲ್ಲಿ ಇಂಚು ಕೂತಿದ್ದರೆ ಫಲಿತಾಂಶದ ಅಗಲ ಏನೇನೋ ಆಗುತ್ತದೆ. ಶಿಫ್ಟ್ ಒತ್ತಿಹಿಡಿದು ಮೇಲಿನಿಂದ ಕೆಳಕ್ಕೆ ನೇರ ಗೆರೆ ಎಳೆಯಿರಿ, ರೀಸ್ಲೈಸ್ ಕೊಡಿ, 90 ಡಿಗ್ರಿ ತಿರುಗಿಸುವ ಆಯ್ಕೆಗೆ ಟಿಕ್ ಹಾಕಿ.

ನಿಜವಾದ ಕೆಲಸ ಇರುವುದು ಮೇಜಿನ ಮೇಲೆ. 10 ಸೆಂ.ಮೀ. ವ್ಯಾಸದ ಸೇರಿನ ಸುತ್ತಳತೆ 314 ಮಿ.ಮೀ. ಫೋನನ್ನು ನಿಲ್ಲಿಸಿ ತೆಗೆದಾಗ 16 ಸೆಂ.ಮೀ. ಎತ್ತರ 1920 ಪಿಕ್ಸೆಲ್ ತುಂಬಿದರೆ ಮಿ.ಮೀ.ಗೆ 12 ಪಿಕ್ಸೆಲ್. ಅಂದರೆ ಸರಿಯಾದ ಅಗಲ ಸುಮಾರು 3770 ಪಿಕ್ಸೆಲ್. ನಿಮಿಷಕ್ಕೆ ಒಂದು ಸುತ್ತು, ಸೆಕೆಂಡಿಗೆ 60 ಫ್ರೇಮು ಇಟ್ಟರೆ 3600 ಗೆರೆ ಸಿಗುತ್ತವೆ. ಉಳಿದ ಚೂರನ್ನು ‘ಅಡ್ಜಸ್ಟ್ ಸೈಜ್’ನಲ್ಲಿ ಅಗಲಕ್ಕೆ ಮಾತ್ರ ಹಿಗ್ಗಿಸಿದರೆ ಅಕ್ಷರದ ಆಕಾರ ನೇರವಾಗುತ್ತದೆ. ಅಳತೆಗೆ ಇಡುವ ಸ್ಕೇಲು ವಸ್ತುವಿನ ಮುಂಬದಿಗೆ ತಾಗಿಯೇ ನಿಲ್ಲಬೇಕು. ಪಕ್ಕದಲ್ಲಿ, ಅಕ್ಷದ ನೇರಕ್ಕೆ ಇಟ್ಟರೆ ಒಂದೂವರೆ ಮೀಟರ್ ದೂರದಿಂದಲೂ ಶೇ. 3ಕ್ಕಿಂತ ಹೆಚ್ಚು ತಪ್ಪು ಬರುತ್ತದೆ.

ತಿರುಗುಮಣೆಗೆ 1 ಆರ್‌ಪಿಎಂನ (ನಿಮಿಷಕ್ಕೆ ಒಂದು ಸುತ್ತಿನ) 230 ವೋಲ್ಟ್ ಸಿಂಕ್ರೊನಸ್ ಗೇರ್ ಮೋಟರ್ ಒಳ್ಳೆಯದು. ಅದರ ವೇಗ ವೋಲ್ಟೇಜಿಗೆ ಕಟ್ಟುಬಿದ್ದಿಲ್ಲ, ವಿದ್ಯುತ್ತಿನ 50 ಹರ್ಟ್ಸ್ ಆವರ್ತನಕ್ಕೆ ಕಟ್ಟುಬಿದ್ದಿದೆ. ಹಾಗಾಗಿ ಮಡಿಕೇರಿಯ ಆಷಾಢದಲ್ಲಿ ಲೈಟು ಮಂಕಾದರೂ ಅದು ನಿಂತು ಹೋಗದ ತನಕ ವೇಗ ಬದಲಾಗುವುದಿಲ್ಲ. ಕರೆಂಟು ಹೋಗಿ ಇನ್ವರ್ಟರ್‌ಗೆ ಬಂದರೆ ಮಾತ್ರ ಜೋಪಾನ: ಇನ್ವರ್ಟರ್ 50 ಹರ್ಟ್ಸ್ ಸರಿಯಾಗಿ ಕೊಡದಿದ್ದರೆ ಮೋಟರೂ ಅದನ್ನೇ ಅನುಸರಿಸುತ್ತದೆ, ಆ ಭಾಗದ ಅಕ್ಷರ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ನಡುವೆ ಕರೆಂಟು ಹೋದರೆ ಮೊದಲಿನಿಂದ ತೆಗೆಯುವುದೇ ಸರಿ. ಇಂಥ ಸಣ್ಣ ಮೋಟರ್ ಪ್ರತಿ ಸಲ ಒಂದೇ ದಿಕ್ಕಿಗೆ ಹೊರಡುವುದೂ ಇಲ್ಲ. ದಿಕ್ಕು ಬದಲಾದರೆ ಚಿತ್ರ ಕನ್ನಡಿಬಿಂಬವಾಗುತ್ತದೆ. ಅಕ್ಷರವಿದ್ದರೆ ತಕ್ಷಣ ಗೊತ್ತಾಗುತ್ತದೆ, ಬರೀ ಬಳ್ಳಿ-ಹೂವಿನ ಕೆತ್ತನೆಯಾದರೆ ಯಾರ ಕಣ್ಣಿಗೂ ಬೀಳದೆ ಹಾಗೇ ದಾಖಲಾಗಿಬಿಡುತ್ತದೆ. ‘ಕ’ ಎಂದು ಬರೆದ ಸಣ್ಣ ಚೀಟಿಯನ್ನು ಪಾತ್ರೆಯ ಪಾದದ ಬಳಿ ನಿಲ್ಲಿಸಿಡಿ. ಸುತ್ತಿನ ಆರಂಭಕ್ಕೂ ಅದೇ ಗುರುತು. 60ರ ಬದಲು 65 ಸೆಕೆಂಡ್ ತೆಗೆದರೆ ಜೋಡಣೆ ಎಲ್ಲಿ ಬರುತ್ತದೆಂದು ಕಾಣುತ್ತದೆ.

ಚಿತ್ರದ ಮೇಲಂಚು ಅಲೆಯಂತೆ ಒಮ್ಮೆ ಏರಿ ಒಮ್ಮೆ ಇಳಿದಿದ್ದರೆ ವಸ್ತು ನಡುವಿಗೆ ಕೂತಿಲ್ಲ ಅಥವಾ ವಾಲಿದೆ. ಪೆನ್ಸಿಲ್ ಮೊನೆಯನ್ನು ಮೈಗೆ ಕೂದಲೆಳೆ ದೂರದಲ್ಲಿ ಹಿಡಿದು ಮಣೆ ತಿರುಗಿಸಿ. ಎಲ್ಲಿ ತಾಗುತ್ತದೋ ಅತ್ತ ಕಡೆಯಿಂದ ಒಳಕ್ಕೆ ನೂಕಿ.

ಉದ್ದಕ್ಕೂ ನಿಂತ ಪಟ್ಟೆಗಳು ಬಂದರೆ ಅದು ಬಲ್ಬಿನ ಮಿನುಗು. ನಮ್ಮ ವಿದ್ಯುತ್ತಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಶಟರ್ 1/100 ಸೆಕೆಂಡಿಗೆ ಕಟ್ಟಿ. ಆ ಅವಧಿಯಲ್ಲಿ ಸೇರಿನ ಮೈ ಸರಿಯುವುದು 0.05 ಮಿ.ಮೀ. ಮಾತ್ರ, ಮಸುಕಾಗುವುದಿಲ್ಲ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್ ಆಗಿರಲಿ. ಹಿತ್ತಾಳೆಗೆ ಬೆಳಕು ಪಕ್ಕದಿಂದ, ಬೆಣ್ಣೆ ಕಾಗದದ ಹಿಂದಿನಿಂದ ಬೀಳಲಿ. ಈ ವಿಧಾನದ ದೊಡ್ಡ ಗುಣ ಇಲ್ಲೇ ಇದೆ. ನಡುಗೆರೆಯಲ್ಲಿ ಹೊಳಪು ಇಲ್ಲದಿದ್ದರೆ ಇಡೀ ಸುತ್ತಿನಲ್ಲೂ ಇಲ್ಲ. ಹತ್ತು ಫೋಟೋ ಅಂಟಿಸಿದಾಗ ಬರುವ ಮಬ್ಬು-ಬೆಳಕಿನ ತೇಪೆ ಇಲ್ಲಿ ಬರುವುದೇ ಇಲ್ಲ.

ಅದೇ ಕಾರಣಕ್ಕೆ ಒಂದು ಕೇಡೂ ಇದೆ. ಲೆನ್ಸಿನ ಮೇಲೆ ನಡುಗೆರೆಯಲ್ಲಿ ಒಂದು ತೇವದ ಹನಿ ಕೂತರೆ ಚಿತ್ರದ ಈ ತುದಿಯಿಂದ ಆ ತುದಿಗೆ ಅಡ್ಡಗೆರೆ ಎಳೆದಂತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲವೂ ಲೆನ್ಸ್ ಒರೆಸಲೇಬೇಕು. ಗೆರೆ ಬಂದೇ ಬಿಟ್ಟರೆ ವಿಡಿಯೋ ಮತ್ತೆ ತೆಗೆಯುವ ಮೊದಲು ಒಂದು ಪ್ರಯತ್ನ ಮಾಡಬಹುದು. ಪಟ್ಟಿ 20 ಪಿಕ್ಸೆಲ್ ಇದೆಯಲ್ಲ, ಐದಾರು ಪಿಕ್ಸೆಲ್ ಪಕ್ಕದಲ್ಲಿ ಗೆರೆ ಎಳೆದು ಇನ್ನೊಮ್ಮೆ ರೀಸ್ಲೈಸ್ ಕೊಟ್ಟು ನೋಡಿ.

ದುಡಿಗೆ (ಕೊಡವರ ಸಣ್ಣ ಚರ್ಮವಾದ್ಯಕ್ಕೆ) ಇದು ಹೊಂದುವುದಿಲ್ಲ. ನಡು ಸಣ್ಣ, ಬಾಯಿ ಅಗಲ, ಆದರೆ ಚಿತ್ರದಲ್ಲಿ ಎರಡಕ್ಕೂ ಅಷ್ಟೇ ಅಗಲ ಸಿಗುತ್ತದೆ. ನಡುವಿನ ವ್ಯಾಸ ಬಾಯಿಯ ಅರ್ಧವಾಗಿದ್ದರೆ ಅಲ್ಲಿನ ಗುರುತು ಎರಡು ಪಟ್ಟು ಹಿಗ್ಗಿ ಕಾಣುತ್ತದೆ. ಬುಡ ಕಿರಿದಾದ ಲೋಟದಲ್ಲೂ ಇದೇ ತೊಂದರೆ, ಕಡಿಮೆ ಪ್ರಮಾಣದಲ್ಲಿ. ಅಂಥ ಚಿತ್ರವನ್ನು ಓದಲು ಬಳಸಬಹುದು, ಅದರ ಮೇಲೆ ಅಳತೆ ಹಿಡಿಯಬೇಡಿ.